ಒಂದು ಮಂಟಪ, ಮೂರು ಡೇಟಾಬೇಸು

ಆಗುವುದಿಲ್ಲ ಎಂದವನು ನನ್ನ ದೊಡ್ಡಪ್ಪ. ಹಾಗೆ ಅಂದುಕೊಂಡವರು ಬೇರೆಯವರೂ ಇದ್ದರು. ಆದರೆ ಬಾಯಿ ಬಿಟ್ಟು, ಬೀದಿಯಲ್ಲಿ, ನೀರಿನ ಸಂಪಿನ ಮುಚ್ಚಳದ ಮೇಲೆ ಒಂದು ಕಾಲಿಟ್ಟುಕೊಂಡು ಹೇಳಿದವನು ಅವನೊಬ್ಬನೇ. ನಾನು ಬಿಸಿಎಗೆ ಸೀಟು ತೆಗೆದುಕೊಂಡು ಬಂದ ದಿನ ಅದು. ನೀರಿನ ಮೋಟರ್ ಹಾಕಲು ಹೋದ ಅವ್ವ ಖುಷಿ ತಡೆಯಲಾರದೆ ಅವನಿಗೂ ಹೇಳಿಬಿಟ್ಟಿದ್ದಳು.

"ನಮ್ ವಂಸದಾಗೆ ಪಿಯುಸಿ ದಾಟಿದೋರು ಯಾರವ್ರೆ ಏಳು," ಎಂದ. "ಗಂಡುಡುಗ್ರೇ ದಾಟ್ಲಿಲ್ಲ. ಇವ್ಳು ಅದೇನೋ ಕಂಪೂಟರ್ ಡಿಗ್ರಿ ಮಾಡ್ತಾಳಂತೆ. ಆಗೋ ಮಾತಾ ಅದು? ಎಬ್ಬಾಳದ ಮಾಲ್‌ನಾಗೆ ಬಿಲ್ಲಿಂಗ್ ಕೌಂಟರ್‌ಗೆ ಉಡುಗೀರು ಬೇಕಂತೆ. ನಂಗ್ ಗೊತ್ತಿರೋರೇ ಅವ್ರೆ. ಅಲ್ಲಿಗ್ ಆಕು."

"ಓದ್ಲಿ ಬಿಡಿ ಭಾವ," ಎಂದಳು ಅವ್ವ.

"ಓದ್ಲಿ, ನಾನೇನ್ ಬ್ಯಾಡ ಅಂದ್ನಾ? ಡಿಗ್ರಿ ಪೇಪರು ನನ್ ಕೈಗೆ ತಂದ್ ಕೊಡ್ಲಿ. ಅವತ್ತು ನಂಬ್ತೀನಿ."

ಹೇಳಿದವನ ವಿದ್ಯೆಯನ್ನೂ ಹೇಳಿಬಿಡಬೇಕು. ಜಮೀನು ಉಳುವುದು ಬಿಟ್ಟು ಜಮೀನು ತೋರಿಸುವ ಕೆಲಸಕ್ಕೆ ಇಳಿದ ಮೇಲೆ ಅವನಿಗೆ ಬಿಳಿ ಶರಟು ಬಂತು, ಎರಡು ಫೋನು ಬಂದವು. ಎರಡಕ್ಕೂ ಬರುತ್ತಿದ್ದ ಮೆಸೇಜುಗಳನ್ನು ಓದಿ ಹೇಳಲು ನನ್ನನ್ನೇ ಕರೆಯುತ್ತಿದ್ದ. ಓದಿಸಿಕೊಳ್ಳುವಾಗ ನನ್ನ ಓದಿನ ಬಗ್ಗೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ರಾಜಾನುಕುಂಟೆಯ ನಮ್ಮ ಮನೆ ತಾತನ ಕಾಲದ್ದು. ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾದಾಗ ನಡುಮನೆಯ ಮಧ್ಯೆ ಗೋಡೆ ಎಬ್ಬಿಸಿದರು. ಗೋಡೆಯ ಆ ಕಡೆ ದೊಡ್ಡಪ್ಪ ಬಚ್ಚಲು ಕಟ್ಟಿಸಿಕೊಂಡ, ಈ ಕಡೆ ನಮ್ಮ ಹಾಲ್ ಬಂತು. ಅವನು ಸ್ನಾನ ಮಾಡಿದ್ದು ನಮ್ಮ ಗೋಡೆಯ ಸುಣ್ಣಕ್ಕೆ ತಿಳಿಯುತ್ತಿತ್ತು. ದೇವರ ಕೋಣೆ ಹಿರಿಯನ ಪಾಲಿಗೆ. ನಮ್ಮ ಕಡೆ ಅದು ಪದ್ಧತಿ: ದೇವರನ್ನು ಪಾಲು ಮಾಡುವುದಿಲ್ಲ, ಹಿರಿಯನ ಮನೆಯಲ್ಲಿರುತ್ತದೆ, ಹಬ್ಬದ ದಿನ ಕಿರಿಯವನು ಹೋಗಿ ಪೂಜೆ ಮಾಡಿಕೊಂಡು ಬರಬೇಕು. ಜಂಟಿಯಾಗಿ ಉಳಿದ ಇನ್ನೊಂದು ವಸ್ತುವೆಂದರೆ ಸಂಪು. ಅದು ಎರಡೂ ಬಾಗಿಲುಗಳ ಹೊರಗೆ, ಬೀದಿಯ ಅಂಚಿನಲ್ಲಿತ್ತು. ಬೀಗದ ಕೈ ಎರಡು ಮಾಡಿಸಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಡಿಗ್ರಿ ಕೊನೆಗೆ ಈ ವಿಚಾರದ ಮೇಲೆಯೇ ನಿಂತಿತು.

ಅಪ್ಪ ಯಲಹಂಕದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೋಡು ಇಳಿಸುತ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಕಾಲೇಜಿನಲ್ಲಿ ನನಗೆ ಮೊದಲು ಬಂದದ್ದು ಸೋಲು. ಇಂಗ್ಲಿಷಿನಲ್ಲಿ ಹೇಳಿದ ಗಣಿತ ನನ್ನ ತಲೆಗೆ ಇಳಿಯಲು ಒಂದು ವರ್ಷ ಹಿಡಿಯಿತು. ಉಳಿಸಿಕೊಂಡಿದ್ದ ಪೇಪರು ಪಾಸು ಮಾಡಿಕೊಂಡೆ, ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡೆ, ಕೊನೆಯ ಸೆಮಿಸ್ಟರಿಗೆ ಬಂದೆ. ಅಲ್ಲಿ ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಡಂ ಒಂದೇ ಮಾತು ಹೇಳಿದರು.

"ಯಾವುದಾದ್ರೂ ಕಂಪನಿಲಿ ಪ್ರಾಜೆಕ್ಟ್ ಮಾಡಿ, ಅದು ನಡೀತಿರ್ಬೇಕು, ಕಂಪನಿ ಸರ್ಟಿಫಿಕೇಟ್ ತರ್ಬೇಕು. ಅದಿಲ್ದೆ ವೈವಾಗೆ ಬರ್ಬೇಡಿ. ಸುಮ್ನೆ ನಿಮ್ ಟೈಮೂ ವೇಸ್ಟು, ನಂದೂ ವೇಸ್ಟು."

ಕಂಪನಿ ಹುಡುಕಿಕೊಡುತ್ತೀರಾ ಎಂದು ಕೇಳಿದೆ. ಅದು ಅವರ ಕೆಲಸವಲ್ಲವಂತೆ. ಅವರ ಕೆಲಸ ಏನು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆರ್.ಟಿ. ನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ನನಗೊಂದು ಕಂಪನಿ ಸಿಕ್ಕಿತು. ಕಂಪನಿ ಎಂದರೆ ಎರಡು ಕೋಣೆ, ಬನ್ನಿನ ವಾಸನೆ, ಮತ್ತು ಒಬ್ಬ ಟೀಮ್ ಲೀಡ್. ಮಾಲೀಕರು ಬರುತ್ತಿರಲಿಲ್ಲ. ಎಲ್ಲವೂ ಅವನೇ. ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವನೂ ಅವನೇ. ನಾನು ಹೋದ ದಿನ ಅವನು ಕೇಳಿದ ಮೊದಲ ಪ್ರಶ್ನೆ ನನಗೆ ಏನು ಬರುತ್ತದೆ ಎಂಬುದಲ್ಲ.

"ಬಿಇನಾ?"

"ಬಿಸಿಎ ಸರ್."

"ಓ, ಬಿಸಿಎ." ಆ ಓ ಇದೆಯಲ್ಲ, ಅದನ್ನು ನಾನು ಅಲ್ಲಿದ್ದಷ್ಟು ಕಾಲವೂ ಕೇಳಿದೆ. ಬಿಇ ಮಾಡಿದವರಿಗೆ ಅದನ್ನು ಬೇರೆ ಪೇಪರಾಗಿಯೇ ಕಲಿಸುತ್ತಾರೇನೋ.

ನನಗೆ ಸಿಕ್ಕ ಪ್ರಾಜೆಕ್ಟು ಛತ್ರದ ಬುಕಿಂಗಿನದು. ಗಿರಾಕಿಗಳು ಅಟ್ಟೂರಿನ ಹಳೆಯ ಒಕ್ಕಲು ಮನೆತನದ ಅಣ್ಣತಮ್ಮಂದಿರು. ಜಮೀನೆಲ್ಲ ಲೇಔಟ್ ಆದ ಮೇಲೆ ಅಣ್ಣ ಯಲಹಂಕದ ಕಡೆ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದ, ತಮ್ಮ ಹೆಬ್ಬಾಳದ ಕಡೆ ಇನ್ನೊಂದು. ಪಾಲಾದಂದಿನಿಂದ ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ನಮ್ಮ ಆಫೀಸಿನ ಒಂದೇ ಸೋಫಾದಲ್ಲಿ, ಮೊಣಕಾಲಿಗೆ ಮೊಣಕಾಲು ತಗುಲುವಂತೆ ಕೂತು, ಲೀಡ್‌ನ ಮೂಲಕ ಮಾತಾಡಿದರು.

"ಅವ್ರಿಗ್ ಹೇಳ್ರಿ, ನನ್ ಛತ್ರದ ಬುಕಿಂಗು ಅವ್ರ್ ಕಣ್ಣಿಗೆ ಬೀಳ್ಬಾರ್ದು," ಎಂದ ಅಣ್ಣ.

"ನನಗೂ ಅವ್ರದ್ದು ಬೇಡ ಅಂತ ಹೇಳಿ," ಎಂದ ತಮ್ಮ. "ನನ್ ಡೇಟಾಬೇಸು ಬೇರೆ ಕೊಡಿ. ಮಧ್ಯ ಗೋಡೆ ಇರ್ಲಿ."

"ವೆಬ್‌ಸೈಟ್ ಕೂಡ ಬೇರೆ ಬೇರೆ ಮಾಡೋಣ್ವಾ ಸರ್?" ಎಂದು ಲೀಡ್ ಕೇಳಿದ.

ಇಬ್ಬರೂ ಒಟ್ಟಿಗೇ ಬೇಡವೆಂದರು. ಆ ಒಂದು ವಿಷಯದಲ್ಲಿ ರಕ್ತಸಂಬಂಧ ಎದ್ದು ಕಂಡಿತು. "ತಾತನ್ ಹೆಸರಿನ್ ಸೈಟು ಅದು. ಹೆಸರನ್ನ ಪಾಲ್ ಮಾಡಕ್ಕಾಗಲ್ಲ," ಎಂದ ಅಣ್ಣ. ತಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ತಲೆಯಾಡಿಸಿದ.

ಪಾಲಾಗದೆ ಉಳಿದದ್ದು ಇನ್ನೊಂದಿತ್ತು. ತಾತ ಮಾಡಿಸಿದ್ದ ತೇಗದ ಮಂಟಪ. ನಾಲ್ಕು ಕಂಬ, ಕಂಬದ ತುಂಬ ಗಿಳಿ, ಬಳ್ಳಿ. ಬಿಚ್ಚಿ, ಗೋಣಿ ಸುತ್ತಿ, ಅಟ್ಟೂರಿನ ಗೋಡೌನಿನಲ್ಲಿ ಇಡುತ್ತಿದ್ದರು. ಮದುವೆ ಇರುವ ಛತ್ರಕ್ಕೆ ಹಿಂದಿನ ಮಧ್ಯಾಹ್ನ ಟೆಂಪೋದಲ್ಲಿ ಹೋಗುತ್ತಿತ್ತು. ಎರಡೂ ಛತ್ರಗಳ ಬ್ರೋಷರಿನ ಮೊದಲ ಪುಟದಲ್ಲಿ ಅದರದೇ ಫೋಟೋ. ಆ ಮಂಟಪದಲ್ಲಿ ತಾಳಿ ಕಟ್ಟಿಸಬೇಕೆಂದೇ ಜನ ಬರುತ್ತಿದ್ದರು. ಎರಡೆರಡು ಕಂಬ ಹಂಚಿಕೊಂಡರೆ ಅದರಡಿ ಯಾರೂ ಮದುವೆಯಾಗುವುದಿಲ್ಲ ಎಂಬಷ್ಟು ಬುದ್ಧಿ ಪಾಲಿನ ದಿನ ಇಬ್ಬರಿಗೂ ಇತ್ತು.

"ಅದು ಜಂಟಿ," ಎಂದ ಅಣ್ಣ. "ಆದ್ರೆ ನನ್ ಡೇಟಾಬೇಸ್‌ನಾಗೆ ಇರ್ಬೇಕು. ನಾನ್ ಹಿರಿಯ."

"ನನ್ನದರಲ್ಲೂ ಇರ್ಬೇಕು," ಎಂದ ತಮ್ಮ.

"ಸೂಪರ್ ಸರ್. ಎರಡ್ರಲ್ಲೂ ಇಡೋಣ," ಎಂದ ಲೀಡ್.

ಇದು ಎಂಥ ಮಾತು ಎಂದು ತಿಳಿಯಬೇಕಾದರೆ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವಾಗ ಹೊರಗಿನ ಪ್ರತಿಯೊಂದು ವಸ್ತುವಿಗೂ ಒಂದು ಕ್ಲಾಸ್ ಬರೆಯುತ್ತೇವೆ: ಗಿರಾಕಿ, ಹಾಲ್, ಬುಕಿಂಗ್, ಮಂಟಪ. ಇವನ್ನು ಎಂಟಿಟಿ ಎನ್ನುತ್ತಾರೆ. ಯಾವ ಎಂಟಿಟಿ ಯಾವ ಡೇಟಾಬೇಸಿನ ಯಾವ ಟೇಬಲ್ಲಿನಲ್ಲಿ ಹೋಗಿ ಕೂರಬೇಕು ಎಂದು ಹೇಳಿಕೊಡುವುದೇ ಮ್ಯಾಪಿಂಗ್. ಡೇಟಾಬೇಸ್ ಒಂದೇ ಆದರೆ ತಲೆನೋವಿಲ್ಲ, ಎಲ್ಲರೂ ಒಂದೇ ಮನೆಯವರು. ಎರಡಾದರೆ ಪ್ರತಿಯೊಂದಕ್ಕೂ ನಿನ್ನ ಮನೆ ಇದು ಎಂದು ಬಿಡಿಸಿ ಹೇಳಬೇಕು. ಆ ಮನೆಯ ಟೇಬಲ್ಲು ಈ ಮನೆಯ ಟೇಬಲ್ಲಿನ ಕೈ ಹಿಡಿಯಲಾಗುವುದಿಲ್ಲ. ಈ ಕಡೆ ಬರೆದದ್ದು ಆ ಕಡೆಗೆ ತಾನಾಗಿ ತಿಳಿಯುವುದಿಲ್ಲ.

ಲೀಡ್ ಮಾಡಿದ್ದೇನೆಂದರೆ, ಮಂಟಪ ಎಂಬ ಒಂದೇ ಎಂಟಿಟಿಯನ್ನು ಎರಡೂ ಡೇಟಾಬೇಸಿಗೆ ಮ್ಯಾಪ್ ಮಾಡಿದ. ಅಣ್ಣನ ಕಡೆ ಒಂದು ಮಂಟಪ, ತಮ್ಮನ ಕಡೆ ಒಂದು ಮಂಟಪ. ಒಬ್ಬರ ಕಡೆ ಬುಕ್ ಆದರೆ ಅದನ್ನು ಇನ್ನೊಬ್ಬರ ಕಡೆಗೂ ನಕಲು ಮಾಡುವ ನಾಲ್ಕು ಸಾಲು ಬರೆದ. ನಕಲು ಮಾಡುವಾಗ ತಪ್ಪಾದರೆ ಏನು ಮಾಡಬೇಕು ಎಂದು ಬರೆಯಲು ಜಾವಾದಲ್ಲಿ ಒಂದು ಜಾಗವಿದೆ. ಆ ಜಾಗವನ್ನು ಖಾಲಿ ಬಿಟ್ಟ. ಅಂದರೆ, ತಪ್ಪಾದರೆ ಸುಮ್ಮನಿರು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟ. ತನ್ನ ಸ್ವಭಾವವನ್ನು ಇಷ್ಟು ನೇರವಾಗಿ ಕೋಡಿನಲ್ಲಿ ಬರೆದವರನ್ನು ನಾನು ಬೇರೆ ಕಂಡಿಲ್ಲ.

"ಸರ್, ಮಂಟಪ ಇರೋದು ಒಂದೇ," ಎಂದೆ. "ಎರಡ್ ಕಡೆ ಬರೆದ್ರೆ ಒಂದೇ ದಿನಕ್ಕೆ ಇಬ್ರಿಗೂ ಕೊಟ್ಬಿಡುತ್ತೆ."

"ಸಿಂಕ್ ಇದೆಯಲ್ಲಮ್ಮ."

"ನಕಲು ಆಗೋ ಹೊತ್ತಿಗೆ ಆ ಕಡೆ ಡೇಟಾಬೇಸ್ ನಿಂತಿದ್ರೆ?"

"ಯಾಕ್ ನಿಲ್ಲುತ್ತೆ?" ಅವನು ಕುರ್ಚಿ ತಿರುಗಿಸಿಕೊಂಡು ನನ್ನನ್ನು ನೋಡಿದ. "ನೋಡಮ್ಮ, ಕ್ಲೈಂಟ್ ಇಬ್ರೂ ಖುಷಿಯಾಗಿದಾರೆ. ಇದು ಆರ್ಕಿಟೆಕ್ಚರ್. ಇದನ್ನೆಲ್ಲ ನಿಮ್ ಬಿಸಿಎ ಸಿಲಬಸ್‌ನಲ್ಲಿ ಹೇಳ್ಕೊಡಲ್ಲ. ನೀನು ಲಾಗಿನ್ ಪೇಜ್ ಬಣ್ಣ ಸರಿ ಮಾಡು."

ಬಣ್ಣ ಸರಿ ಮಾಡಿದೆ. ಅಣ್ಣ ಕೇಸರಿ ಕೇಳಿದ್ದ, ತಮ್ಮ ನೀಲಿ ಕೇಳಿದ್ದ. ಲೀಡ್ ಅರ್ಧ ಕೇಸರಿ ಅರ್ಧ ನೀಲಿ ಮಾಡು ಎಂದಿದ್ದ. ಅವನ ಆರ್ಕಿಟೆಕ್ಚರ್ ಎಲ್ಲ ಕಡೆಯೂ ಅದೇ.

ವೈಶಾಖದ ಲಗ್ನಗಳಿಗೆ ಮೊದಲೇ ಸೈಟು ಚಾಲೂ ಆಯಿತು. ಒಂದು ತಿಂಗಳು ನಡೆಯಲಿ, ಸರಿಯಿದ್ದರೆ ಸೈನ್ ಮಾಡಿಕೊಡುತ್ತೇವೆ ಎಂದು ಅಣ್ಣತಮ್ಮಂದಿರು ಹೇಳಿದ್ದರು. ಅವರು ಸೈನ್ ಮಾಡಿದರೆ ನನ್ನ ಸರ್ಟಿಫಿಕೇಟು, ಇಲ್ಲದಿದ್ದರೆ ಇಲ್ಲ ಎಂದು ಲೀಡ್ ಹೇಳಿದ್ದ. ಸರ್ಟಿಫಿಕೇಟು ಇಲ್ಲದಿದ್ದರೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ಹೆಬ್ಬಾಳದ ಬಿಲ್ಲಿಂಗ್ ಕೌಂಟರು. ದೊಡ್ಡಪ್ಪ ಈ ನಡುವೆ ಅಪ್ಪನನ್ನು ಕಂಡಾಗಲೆಲ್ಲ, "ಮುಗೀತಾ ಮಗಳ್ ಕಂಪೂಟ್ರು?" ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಅಪ್ಪ ಇನ್ನೇನು ಮುಗೀತು ಎನ್ನುತ್ತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಹೇಳಿ ಬಂದ ಮೇಲೆ ಮುಖ ತೊಳೆಯುತ್ತಿದ್ದ.

ಆದದ್ದು ನಾನು ಹೇಳಿದ ಹಾಗೆಯೇ. ತಮ್ಮ ತನ್ನ ಡೇಟಾಬೇಸನ್ನು ಅಣ್ಣನ ಡೇಟಾಬೇಸ್ ಇರುವ ಸರ್ವರಿನಲ್ಲಿ ಇಡಲು ಒಪ್ಪದೆ, ಪರಿಚಯದವರ ಕಡೆ ಅಗ್ಗದ ಒಂದು ಸರ್ವರಿನಲ್ಲಿ ಇಡಿಸಿದ್ದ. ಅದು ಆಗಾಗ ಮಲಗುತ್ತಿತ್ತು. ಅದು ಮಲಗಿದ್ದ ಹೊತ್ತಿನಲ್ಲೇ ಅಣ್ಣನ ಛತ್ರದಲ್ಲಿ ಒಂದು ಮದುವೆಗೆ ಮಂಟಪ ಬುಕ್ ಆಯಿತು. ನಕಲು ಆ ಕಡೆ ಹೋಗಲಿಲ್ಲ. ಖಾಲಿ ಜಾಗ ಹೇಳಿಕೊಟ್ಟಂತೆ ಕಂಪ್ಯೂಟರು ಸುಮ್ಮನಿತ್ತು. ಆಮೇಲೆ ತಮ್ಮನ ಛತ್ರಕ್ಕೆ ಬಂದ ಹೆಣ್ಣಿನ ಕಡೆಯವರೊಬ್ಬರು ಅದೇ ದಿನದ ಅದೇ ಮುಹೂರ್ತಕ್ಕೆ ಮಂಟಪ ಕೇಳಿದರು. ತಮ್ಮನ ಡೇಟಾಬೇಸು ಧಾರಾಳವಾಗಿ ಕೊಟ್ಟಿತು. ಎರಡೂ ಮನೆಯವರಿಗೆ ಹಸಿರು ಅಕ್ಷರದಲ್ಲಿ ಶುಭಾಶಯ ಹೋಯಿತು. ಆ ಹಸಿರು ಬಣ್ಣ ಮಾತ್ರ ನನ್ನದು.

ಮದುವೆಯ ಹಿಂದಿನ ಮಧ್ಯಾಹ್ನ ತಮ್ಮನ ಟೆಂಪೋ ಅಟ್ಟೂರಿನ ಗೋಡೌನಿಗೆ ಹೋದರೆ ಅಲ್ಲಿ ಬರೀ ಗೋಣಿಚೀಲ. ಕಂಬಗಳು ಆಗಲೇ ಅಣ್ಣನ ಛತ್ರದಲ್ಲಿ ನಿಂತು ಹೂ ಮುಡಿದುಕೊಳ್ಳುತ್ತಿದ್ದವು. ತಮ್ಮನ ಛತ್ರದ ಮದುವೆ ಕೊನೆಗೆ ಬಾಡಿಗೆಗೆ ತಂದ ಥರ್ಮೋಕೋಲ್ ಕಂಬದ ಕೆಳಗೆ ನಡೆಯಿತು. ಹುಡುಗಿಯ ತಂದೆ ಬ್ರೋಷರನ್ನು ಕೈಯಲ್ಲಿ ಹಿಡಿದುಕೊಂಡೇ ಧಾರೆ ಎರೆದನಂತೆ.

ಅದಾದ ಮರುದಿನ ಇಬ್ಬರೂ ಆಫೀಸಿಗೆ ಬಂದರು. ಸೋಫಾದಲ್ಲಿ ಕೂರಲಿಲ್ಲ.

"ಬೇಕಂತ ಮಾಡ್ಸಿದಾರೆ, ಕೇಳ್ರಿ ಅವ್ರನ್ನ," ಎಂದ ತಮ್ಮ.

"ನಾನ್ ಮೊದ್ಲು ಬುಕ್ ಮಾಡಿದ್ದು ಅಂತ ಹೇಳ್ರಿ ಅವ್ನಿಗೆ," ಎಂದ ಅಣ್ಣ. "ಯಾರ್ರೀ ಇದನ್ನ ಮಾಡಿದ್ದು?"

ಲೀಡ್ ಒಂದು ಕ್ಷಣವೂ ಯೋಚಿಸಲಿಲ್ಲ. "ಟ್ರೈನಿ ಸರ್. ಕಲೀತಿದಾರೆ. ಬಿಸಿಎ," ಎಂದು ನನ್ನ ಕಡೆ ಕೈ ತೋರಿಸಿದ.

ಅಪ್ಪನ ವಯಸ್ಸಿನ ಇಬ್ಬರು ನನ್ನನ್ನು ನೋಡಿದರು. ನನಗೆ ಭಯವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೇಸಿಗೆಯಾಯಿತು.

"ನಾನ್ ಬರೆದಿದ್ದು ಬಣ್ಣ ಸರ್," ಎಂದೆ. "ಮಂಟಪದ್ದು ಅವ್ರು ಬರೆದಿದ್ದು. ಆಗಲ್ಲ ಅಂತ ಅವತ್ತೇ ಹೇಳಿದ್ದೆ. ಯಾವ್ ಸಾಲು ಯಾರು ಬರೆದ್ರು ಅಂತ ಕಂಪ್ಯೂಟರ್‌ನಲ್ಲೇ ಇರುತ್ತೆ, ಬೇಕಾದ್ರೆ ತೆಗೆದು ತೋರಿಸ್ತೀನಿ."

"ಯಾರ್ ಬರೆದ್ರೆ ನಂಗೇನಮ್ಮ," ಎಂದ ಅಣ್ಣ. "ನಂಗ್ ಮಂಟಪ ಸರಿಯಾಗ್ಬೇಕು. ಇಲ್ಲಾಂದ್ರೆ ಸೈನ್ ಇಲ್ಲ."

ನ್ಯಾಯ ಅಷ್ಟಕ್ಕೇ ಮುಗಿಯಿತು. ಅವರು ಹೋದ ಮೇಲೆ ಲೀಡ್ ಬಾಗಿಲು ಹಾಕಿಕೊಂಡು ಬಂದ. ಅವನ ಧ್ವನಿ ಒಳ್ಳೆಯವರ ಧ್ವನಿಯಂತೆ ಆಗಿತ್ತು. "ಅಷ್ಟ್ ಗೊತ್ತಿದ್ರೆ ನೀನೇ ಮಾಡು. ಸರಿಯಾದ್ರೆ ನಿನ್ ಸರ್ಟಿಫಿಕೇಟು, ಆಗದಿದ್ರೆ ನನ್ನನ್ ಕೇಳ್ಬೇಡ," ಎಂದ.

ಮೊದಲು ನನಗೆ ಹೊಳೆದದ್ದು ನಮ್ಮ ಪದ್ಧತಿಯೇ. ಮಂಟಪವನ್ನು ಹಿರಿಯನ ಡೇಟಾಬೇಸಿನಲ್ಲಿ ಮಾತ್ರ ಇಡುವುದು. ಕಿರಿಯವನ ಕಡೆ ಅದರ ನಂಬರ್ ಮಾತ್ರ ಇರಲಿ, ಬೇಕಾದಾಗ ಈ ಕಡೆ ಬಂದು ಕೇಳಲಿ. ದೇವರ ಕೋಣೆಯ ಹಾಗೆ. ಒಂದೇ ಮಂಟಪ, ಒಂದೇ ಮನೆ, ಕೋಡೂ ಚಿಕ್ಕದು. ಅರ್ಧ ಬರೆದೂ ಬಿಟ್ಟಿದ್ದೆ.

ಬರೆಯುತ್ತಿದ್ದವಳಿಗೆ ಒಂದು ಗೌರಿಹಬ್ಬ ನೆನಪಾಯಿತು. ಬಚ್ಚಲ ನೀರು ಎಲ್ಲಿ ಹರಿಯಬೇಕೆಂದು ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬೆಳೆದಿದ್ದ ವರ್ಷ. ಹಬ್ಬದ ಬೆಳಿಗ್ಗೆ ಅಪ್ಪ ಮಡಿಯುಟ್ಟು, ತೆಂಗಿನಕಾಯಿ ಹಿಡಿದುಕೊಂಡು ಆ ಕಡೆ ಬಾಗಿಲಿಗೆ ಹೋದ. ದೊಡ್ಡಪ್ಪ ದೇವರ ಕೋಣೆಗೆ ಬೀಗ ಹಾಕಿಕೊಂಡು ಸೈಟು ತೋರಿಸಲು ಹೋಗಿದ್ದ. ಅಪ್ಪ ಬಹಳ ಹೊತ್ತು ನಿಂತಿದ್ದು ಕಾಯಿ ಹಿಡಿದುಕೊಂಡೇ ವಾಪಸ್ಸು ಬಂದ. ಅವ್ವ ಅರಿಶಿನದ ಗೌರಿ ಮಾಡಿ ಒಳಕಲ್ಲಿನ ಮೇಲೆ ಕೂರಿಸಿದಳು. ಆ ವರ್ಷವಿಡೀ ಮಾತು ಬಿಟ್ಟಿದ್ದ ಇಬ್ಬರೂ ಸಂಪಿನಿಂದ ಮಾತ್ರ ಒಂದು ದಿನವೂ ತಪ್ಪದೆ ನೀರು ಹಾಯಿಸಿಕೊಂಡರು. ಸಂಪು ಯಾರ ಮನೆಯೊಳಗೂ ಇರಲಿಲ್ಲ.

ಬರೆದದ್ದನ್ನು ಅಳಿಸಿದೆ. ಮೂರನೆಯ ಡೇಟಾಬೇಸ್ ಮಾಡಿದೆ.

ಅಣ್ಣನ ಗಿರಾಕಿ, ಹಾಲ್, ಬುಕಿಂಗ್ ಎಲ್ಲ ಪ್ಯಾಕೇಜ್ ಎನ್ನುವ ಒಂದು ಗಂಟಿನಲ್ಲಿ, ಅವನ ಡೇಟಾಬೇಸಿಗೆ. ತಮ್ಮನವು ಇನ್ನೊಂದು ಪ್ಯಾಕೇಜಿನಲ್ಲಿ, ಅವನ ಡೇಟಾಬೇಸಿಗೆ. ಮಂಟಪ ಮತ್ತು ಅದು ಯಾವ ದಿನ ಯಾರ ಕಡೆ ಎಂಬುದು ಮಾತ್ರ ಮೂರನೆಯದಕ್ಕೆ. ಒಂದರ ಎಂಟಿಟಿ ಇನ್ನೊಂದರ ಡೇಟಾಬೇಸಿಗೆ ಕಾಲಿಡದ ಹಾಗೆ ಮೂರಕ್ಕೂ ಬೇರೆ ಬೇರೆ ಬಾಗಿಲು. ಮೂರನೆಯದರ ಟೇಬಲ್ಲಿಗೆ ಒಂದು ಕಟ್ಟಳೆ: ಒಂದು ದಿನಕ್ಕೆ ಮಂಟಪದ ಹೆಸರಿನಲ್ಲಿ ಒಂದೇ ಸಾಲು, ಎರಡನೆಯದು ಬಂದರೆ ಡೇಟಾಬೇಸೇ ಒದ್ದು ಹೊರಗೆ ಹಾಕುತ್ತದೆ. ಬುಕ್ ಮಾಡುವಾಗ ಮೊದಲು ಅಲ್ಲಿ ಮಂಟಪ ಹಿಡಿಯಬೇಕು, ಸಿಕ್ಕಿದರೆ ಮಾತ್ರ ತನ್ನ ಮನೆಯಲ್ಲಿ ಬುಕಿಂಗ್ ಬರೆದುಕೊಳ್ಳಬೇಕು. ತನ್ನ ಮನೆಯಲ್ಲಿ ಬರೆಯಲಾಗದೆ ಹೋದರೆ ಹಿಡಿದ ಮಂಟಪವನ್ನು ಬಿಡಬೇಕು. ತಪ್ಪಾದರೆ ಏನು ಮಾಡಬೇಕು ಎಂಬ ಜಾಗದಲ್ಲಿ ನಾನು ತುಂಬ ಬರೆದೆ. ಒಂದೇ ಸಲಕ್ಕೆ ಆಗಲಿಲ್ಲ. ಅಪ್ಲಿಕೇಶನ್ನು ಮೂರು ಡೇಟಾಬೇಸನ್ನು ಕಂಡು ಗಾಬರಿಯಾಗಿ, ಹೇಳದೆ ಬಿಟ್ಟದ್ದನ್ನೆಲ್ಲ ಅಣ್ಣನ ಮನೆಯಲ್ಲೇ ತುಂಬುತ್ತಿತ್ತು. ಅದಕ್ಕೂ ಹಿರಿತನದ ಭಯ. ಪ್ರತಿಯೊಂದಕ್ಕೂ ಕೈ ಹಿಡಿದು ಮನೆ ತೋರಿಸಿದ ಮೇಲೆ ದಾರಿಗೆ ಬಂತು.

ಲೀಡ್ ನೋಡಿದ. "ಎರಡ್ ಛತ್ರಕ್ಕೆ ಮೂರ್ ಡೇಟಾಬೇಸಾ? ಓವರ್ ಆಯ್ತು ಇದು," ಎಂದ. ಅಳಿಸು ಎಂದು ಮಾತ್ರ ಹೇಳಲಿಲ್ಲ. ಅಳಿಸಿದರೆ ಬರೆಯಬೇಕಾದವನು ತಾನು ಎಂದು ಅವನಿಗೆ ಗೊತ್ತಿತ್ತು.

ಅಣ್ಣತಮ್ಮಂದಿರು ಮತ್ತೆ ಬಂದರು. ನಾನು ವಿಷಯ ಹೇಳಿದೆ.

"ಮೂರನೇದು ಯಾರ್ ಹೆಸರಲ್ಲಿ?" ಎಂದು ಅಣ್ಣ ಕೇಳಿದ. ಆ ಪ್ರಶ್ನೆ ಬಂದೇ ಬರುತ್ತದೆ ಎಂದು ನಾನು ಬಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಯಾರ್ ಹೆಸರಲ್ಲೂ ಇಲ್ಲ ಸರ್. ಬೀದಿಲಿರೋ ಸಂಪಿನ್ ಥರ. ಬೀಗದ್ ಕೈ ಇಬ್ಬರ ಹತ್ರಾನೂ ಇರುತ್ತೆ. ನೀರು ಮೊದ್ಲು ಬಂದೋರಿಗೆ."

ತಮ್ಮ ಮೊದಲ ಸಲ ನನ್ನ ಮುಖ ನೋಡಿದ. "ನಿಮ್ ಮನೇಲೂ ಪಾಲಾಗಿದ್ಯೇನಮ್ಮ?"

"ಆಗಿದೆ ಸರ್."

"ಹೂಂ," ಎಂದ.

ಪರೀಕ್ಷೆ ಮಾಡಿಯೇ ತೀರಬೇಕೆಂದರು. ಇಬ್ಬರೂ ತಂತಮ್ಮ ಫೋನಿನಲ್ಲಿ ಒಂದೇ ದಿನ ಆರಿಸಿಕೊಂಡರು. ನಾನು ಹೂಂ ಅಂದಾಗ ಇಬ್ಬರೂ ಒಟ್ಟಿಗೆ ಒತ್ತಬೇಕು. ಒತ್ತಿದರು. ತಮ್ಮನಿಗೆ ಸಿಕ್ಕಿತು. ಅಣ್ಣನ ಫೋನಿನಲ್ಲಿ, ಆ ದಿನ ಮಂಟಪ ಖಾಲಿ ಇಲ್ಲ ಎಂದು ಬಂತು.

ಅಣ್ಣ ಫೋನು ನೋಡಿದ, ತಮ್ಮನನ್ನು ನೋಡಿದ. "ಏನೋ, ಅವಳು ಹೂಂ ಅನ್ನೋಕ್ ಮೊದ್ಲೇ ಬೆರಳಿಟ್ಟಿದ್ದಾ?"

"ನಿನ್ ಬೆರಳು ನಿಧಾನ ಕಣಣ್ಣ. ಮೊದ್ಲಿಂದ್ಲೂ ಹಂಗೇ."

"ಇನ್ನೊಂದ್ ಸಲ."

ಇನ್ನೊಂದು ಸಲ ಅಣ್ಣನಿಗೆ ಸಿಕ್ಕಿತು. ಮತ್ತೊಂದು ಸಲ ತಮ್ಮನಿಗೆ. ಛತ್ರದ ಯಜಮಾನರಿಬ್ಬರು ಬೇಕರಿಯ ಮೇಲಿನ ಮಹಡಿಯಲ್ಲಿ ಗೋಲಿ ಆಡುವವರ ಹಾಗೆ ಜಗಳವಾಡಿಕೊಂಡು ಒತ್ತಿದರು. ನನ್ನ ಸಾಫ್ಟ್‌ವೇರು ಅವರನ್ನು ಒಂದು ಮಾಡಿತು ಎಂದು ಯಾರೂ ತಿಳಿಯಬೇಡಿ. ಅವರು ಮಧ್ಯವರ್ತಿಯಿಲ್ಲದೆ ಬೈದಾಡಲು ಶುರು ಮಾಡಿದರು, ಅಷ್ಟೇ. ಒಮ್ಮೆಯೂ ಇಬ್ಬರಿಗೂ ಒಟ್ಟಿಗೆ ಸಿಗಲಿಲ್ಲ. ಅಣ್ಣ ಸೈನ್ ಮಾಡಿದ. ತಮ್ಮ ಅಣ್ಣನ ಸಹಿಗಿಂತ ದೊಡ್ಡದಾಗಿ ಸೈನ್ ಮಾಡಿದ.

ಲೀಡ್ ನನಗೆ ಕೊಟ್ಟ ಸರ್ಟಿಫಿಕೇಟಿನಲ್ಲಿ, ನಾನು ಅವನ ಮಾರ್ಗದರ್ಶನದಲ್ಲಿ, ಅವನು ರೂಪಿಸಿದ ಬಹು ಡೇಟಾಬೇಸ್ ವ್ಯವಸ್ಥೆಯಲ್ಲಿ, ಸಹಾಯಕಳಾಗಿ ಕೆಲಸ ಮಾಡಿದ್ದೇನೆ ಎಂದಿತ್ತು. ನನ್ನ ಹೆಸರಿನ ಕಾಗುಣಿತ ತಪ್ಪಿತ್ತು. ತಿದ್ದಿಸಿಕೊಂಡೆ. ಉಳಿದದ್ದನ್ನು ಬಿಟ್ಟೆ. ಹೆಸರು ನನ್ನದು, ಸುಳ್ಳು ಅವನದು, ಅವನೇ ಇಟ್ಟುಕೊಳ್ಳಲಿ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ನನ್ನ ರಿಪೋರ್ಟ್ ತಿರುವಿ ಹಾಕಿ, "ಇರೋದು ಇಬ್ಬರು ಓನರು. ಮೂರು ಡೇಟಾಬೇಸ್ ಯಾಕಮ್ಮ?" ಎಂದರು. ಪಕ್ಕದಲ್ಲಿ ಕೂತಿದ್ದ ಗೈಡ್ ಮೇಡಂ, ಇದನ್ನು ನಾನೂ ಕೇಳಬೇಕೆಂದಿದ್ದೆ ಎಂಬ ಮುಖ ಮಾಡಿದರು. ಅವರು ರಿಪೋರ್ಟನ್ನು ಮೊದಲ ಸಲ ನೋಡುತ್ತಿದ್ದದ್ದು ಆಗಲೇ.

"ಜಂಟಿ ವಸ್ತು ಒಬ್ಬರ ಮನೇಲಿದ್ರೆ ಅದು ಜಂಟಿಯಾಗಿ ಉಳಿಯಲ್ಲ ಸರ್," ಎಂದೆ. ಆಮೇಲೆ ಇಂಗ್ಲಿಷಿನಲ್ಲಿ ಪ್ಯಾಕೇಜು, ಮ್ಯಾಪಿಂಗು, ಎರಡು ಕಡೆ ಬರೆಯುವಾಗ ಒಂದು ಬಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಿದೆ. ಇಂಗ್ಲಿಷ್ ನಡುವೆ ಎಡವಿತು. ಪರೀಕ್ಷಕರು ಎಡವಿದ ಜಾಗದಲ್ಲಿ ನನ್ನನ್ನು ತಡೆಯಲಿಲ್ಲ. "ಮುಂದೆ ಹೇಳಿ," ಎಂದರು. ಬಹುವಚನದಲ್ಲಿ.

ಡಿಗ್ರಿ ಸರ್ಟಿಫಿಕೇಟು ಬಂದಾಗ ವೇದಿಕೆ, ಗೌನು, ಟೋಪಿ ಏನೂ ಇರಲಿಲ್ಲ. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು, "ಮಡಚಬೇಡಮ್ಮ," ಎಂದು ಕೊಟ್ಟರು. ಆ ದಿನ ಅಪ್ಪ ಅಂಗಡಿಗೆ ರಜ ಹೇಳಿ ನನ್ನ ಜೊತೆ ಬಂದಿದ್ದ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ. ಕೂತರೆ ಮಡಚಿಹೋಗುತ್ತದೆ ಎಂದು ಕವರನ್ನು ಎದೆಗೆ ಒತ್ತಿಕೊಂಡು ರಾಜಾನುಕುಂಟೆಯವರೆಗೆ ನಿಂತೇ ಬಂದ. ಲೋಡು ಇಳಿಸುವ ಕೈಗಳು ಅಷ್ಟು ಹಗುರವಾದದ್ದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಬೆವರಿದ್ದವು.

ದೊಡ್ಡಪ್ಪ ಸಂಪಿನ ಹತ್ತಿರವೇ ಇದ್ದ, ಫೋನಿನಲ್ಲಿ ಯಾರಿಗೋ ಮೂಲೆ ಸೈಟು ಹೊಗಳುತ್ತಿದ್ದ. ನಾನು ಅಪ್ಪನ ಕೈಯಿಂದ ಕವರ್ ತೆಗೆದುಕೊಂಡು ನೇರವಾಗಿ ಅವನ ಹತ್ತಿರ ಹೋದೆ. ಅವ್ವ ಬಾಗಿಲಿಗೆ ಬಂದು ನಿಂತಳು.

"ನಿನ್ ಕೈಗೇ ತಂದ್ ಕೊಡ್ಲಿ ಅಂದಿದ್ಯಲ್ಲ ದೊಡ್ಡಪ್ಪ," ಎಂದೆ. "ತಗೊ."

ಅವನು ಫೋನು ಜೇಬಿಗಿಟ್ಟ. ಬಿಳಿ ಶರಟಿಗೆ ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡ. ಅಕ್ಷರಗಳನ್ನು ನೋಡಿದ, ಮೊಹರನ್ನು ನೋಡಿದ, ಬೆಳಕಿಗೆ ಹಿಡಿದು ಹಿಂದಿನ ಪುಟವನ್ನೂ ನೋಡಿದ. ಓದಿ ಹೇಳಲೇ ಎಂದು ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ. ಕವರಿನೊಳಗೆ ಹುಷಾರಾಗಿ ಸೇರಿಸಿ ನನ್ನ ಕೈಗೆ ವಾಪಸ್ಸು ಕೊಟ್ಟ.

"ಗಾಜಿನ್ ಕಟ್ಟು ಆಕ್ಸು," ಎಂದ. "ಆ ನಡುಗೋಡೇಗ್ ಮಾತ್ರ ನೇತಾಕ್‌ಬ್ಯಾಡ. ನಮ್ ಬಚ್ಚಲ್ ತೇವ ಬತ್ತೈತೆ."